ಕನ್ನಡಕ್ಕಾಗಿ ಐದನ್ನು ಒತ್ತಿ

ಕನ್ನಡದವರಿಗೆ ಫೋನಿನಲ್ಲಿ ಏನನ್ನಾದರೂ ತಿಳಿಸಿ ಹೇಳಬೇಕಾದರೆ ಬಹಳ ಹೊತ್ತು ಹಿಡಿಯುತ್ತದೆ ಎಂದು ನಮ್ಮ ಆಫೀಸಿನಲ್ಲಿ ಎಲ್ಲರೂ ನಂಬಿದ್ದರು. ಯಾರೂ ಇದನ್ನು ಬೈಗುಳದ ಹಾಗೆ ಹೇಳುತ್ತಿರಲಿಲ್ಲ. ಪುಣೆಯಲ್ಲಿ ಮಧ್ಯಾಹ್ನ ಅಂಗಡಿ ಮುಚ್ಚಿರುತ್ತದೆ ಎನ್ನುವ ಹಾಗೆ, ಎಲ್ಲರಿಗೂ ಗೊತ್ತಿರುವ ಸಂಗತಿ ಎಂಬಂತೆ ಹೇಳುತ್ತಿದ್ದರು.

ಆಫೀಸು ಪುಣೆಯ ವಿಮಾನ ನಗರದಲ್ಲಿದೆ. ಮೊಬೈಲಿನಲ್ಲಿ ಆಟ ಆಡುವವರಿಗೆ ಕಂಟ್ರೋಲರ್ ಮಾರುವ ಕಂಪನಿ. ಎರಡೂ ಕೈಯಲ್ಲಿ ಹಿಡಿದುಕೊಂಡು ಹೆಬ್ಬೆರಳಿನಿಂದ ಗುಂಡಿ ಒತ್ತುವ ಸಾಧನ ಅದು. ತಂತಿ ಇಲ್ಲ. ಬ್ಲೂಟೂತ್ ಮೂಲಕ ಫೋನಿಗೆ ಕೂಡಿಕೊಳ್ಳುತ್ತದೆ ಎಂದು ಡಬ್ಬದ ಮೇಲೆ ಬರೆದಿದೆ. ಕೂಡಿಕೊಳ್ಳದಿದ್ದಾಗ ಜನ ನಮಗೆ ಫೋನ್ ಮಾಡುತ್ತಾರೆ. ಮರಾಠಿಗೆ ಎರಡನ್ನು ಒತ್ತಿ, ಕನ್ನಡಕ್ಕಾಗಿ ಐದನ್ನು ಒತ್ತಿ ಎಂದು ಒಂದು ಹೆಣ್ಣು ದನಿ ಹೇಳುತ್ತದೆ. ಐದು ಒತ್ತಿದರೆ ಸಿಗುವವಳು ನಾನು. ನಾನೊಬ್ಬಳೇ. ಧಾರವಾಡದಲ್ಲಿ ಭೌತಶಾಸ್ತ್ರ ಎಂ.ಎಸ್‌ಸಿ. ಮಾಡಿದ್ದೇನೆ, ರೇಡಿಯೋ ಅಲೆಗಳ ಬಗ್ಗೆ ಪುಟಗಟ್ಟಲೆ ಬರೆದು ಪಾಸಾಗಿದ್ದೇನೆ. ಆ ಓದು ಈವರೆಗೆ ಒಂದು ಕರೆಯಲ್ಲಿಯೂ ಬೇಕಾಗಿಲ್ಲ.

ನಮ್ಮ ಸಾಹೇಬರು ಪುಣೆಯವರೇ, ಮರಾಠಿಯವರು. ಅವರಿಗೆ ಸರಾಸರಿಯ ಮೇಲೆ ಅಪಾರ ಭಕ್ತಿ.

"ಮ್ಯಾಡಮ್, ನಿಮ್ಮ ಲೈನಿನ ಕರೆಗಳು ಉಳಿದವರ ಕರೆಗಳಿಗಿಂತ ದುಪ್ಪಟ್ಟು ಉದ್ದ. ಬರೆದುಕೊಟ್ಟ ಸ್ಕ್ರಿಪ್ಟ್ ಓದಿ."

"ಸ್ಕ್ರಿಪ್ಟ್ ಓದಿದರೆ ಕಂಟ್ರೋಲರ್ ಕೂಡುವುದಿಲ್ಲ, ಸರ್."

"ಅದು ಕೂಡುವುದು ಬೇರೆ ವಿಷಯ. ಕರೆ ಮುಗಿಯಬೇಕು."

ದೀಪಾವಳಿ ಆದ ಮೇಲೆ ಮುಂಬೈಯಿಂದ ಮಾಲಕರು ಬರುತ್ತಾರೆ, ಅವರ ಒಪ್ಪಿಗೆ ಪಡೆದು ಐದನ್ನು ಮುಚ್ಚಿಬಿಡುವುದು ಎಂದು ಸಾಹೇಬರು ಸಭೆಯಲ್ಲಿ ಸಾರಿದರು. ಐದು ಮುಚ್ಚಿದರೆ ನನಗೆ ಹಿಂದಿ ಲೈನಿನಲ್ಲಿ ಸ್ಕ್ರಿಪ್ಟ್ ಓದುವ ಕುರ್ಚಿ. ಅದು ಬೇಡವಾದರೆ ಬಾಗಿಲು. ನಾನು ಎರಡೂ ಬೇಡ ಎಂದೆ. ಸ್ಕ್ರಿಪ್ಟನ್ನು ನಾಲ್ಕು ಮಡಿಕೆ ಮಾಡಿ ಅಲುಗಾಡುತ್ತಿದ್ದ ನನ್ನ ಮೇಜಿನ ಕಾಲಿನ ಕೆಳಗಿಟ್ಟೆ. ಅಲ್ಲಿ ಅದು ಮೊದಲ ಸಲ ಒಂದು ಸಮಸ್ಯೆಯನ್ನು ಬಗೆಹರಿಸಿತು.

ಸಾಹೇಬರಾಗಲಿ ಬೇರೆಯವರಾಗಲಿ ನನ್ನ ಒಂದು ಕರೆಯನ್ನೂ ಕೇಳಿದವರಲ್ಲ. ಕನ್ನಡ ಬರುವುದಿಲ್ಲ, ಕೇಳಿ ಏನು ಮಾಡುವುದು ಎನ್ನುತ್ತಿದ್ದರು. ನನ್ನ ಕುರ್ಚಿ ಇರುವುದೂ ಪ್ಯಾಂಟ್ರಿಯ ಕಾಫಿ ಯಂತ್ರದ ಪಕ್ಕದಲ್ಲಿ. ಆ ಯಂತ್ರ ಗೊರಗುಟ್ಟುವಾಗ ನಾನು ಯಾವ ಭಾಷೆಯಲ್ಲಿ ಕೂಗಿದರೂ ಆಚೆ ಕೇಳಿಸದು. ಹೀಗಾಗಿ ಅವರ ಬಳಿ ಸರಾಸರಿ ಇತ್ತು. ನನ್ನ ಬಳಿ ದಿನಕ್ಕೊಂದರಂತೆ ಒದಗುತ್ತಿದ್ದ ಇಂಥ ಪ್ರಸಂಗಗಳಿದ್ದವು.

ಸೋದರಮಾವ

ರವಿವಾರ ಪೇಟೆಯಲ್ಲಿ ಸಗಟು ಕಿರಾಣಿ ವ್ಯಾಪಾರ ಮಾಡುವ ಒಬ್ಬರು, ಮೂಲ ವಿಜಯಪುರದ ಕಡೆಯವರು, ಫೋನ್ ಮಾಡಿದರು. ಮಧ್ಯಾಹ್ನ ಅಂಗಡಿ ಬಾಗಿಲು ಎಳೆದುಕೊಂಡು ಒಳಗೆ ಲಾರಿ ಓಡಿಸುವ ಆಟ ಆಡುತ್ತಾರಂತೆ. ಹೊಸ ಕಂಟ್ರೋಲರ್ ತಂದಿದ್ದಾರೆ.

"ಅಕ್ಕಾರ, ಫೋನ್‌ನ್ಯಾಗ ಅದರ ಹೆಸರ ಬರ್ತದ, ಆಮ್ಯಾಲ ಹೋಗಿಬಿಡ್ತದ್ರಿ."

"ಹೆಸರು ಬಂದಾಗ ನೀವು ಏನು ಒತ್ತೀರಿ?"

"ಬ್ಯಾಡ ಅಂತ ಒತ್ತೀನಿ."

"ಯಾಕ್ರಿ?"

"ಜೋಡಿಸಲೇನು, ನಿಮ್ಮ ಕಾಂಟ್ಯಾಕ್ಟ್ ನೋಡಲೇನು ಅಂತ ಕೇಳ್ತದ. ಆಟದ ಸಾಮಾನಿಗೆ ನಮ್ಮ ಗಿರಾಕಿಗಳ ನಂಬರ ಯಾತಕ್ಕ ಬೇಕ್ರಿ? ಯಾರಿಗೂ ಹ್ಞೂಂ ಅನಬ್ಯಾಡ್ರಿ ಅಂತ ದಿನಾ ಫೋನ್ ಹಚ್ಚಿದ ಕೂಡಲೆ ಸರಕಾರದವ್ರು ಹೇಳ್ತಾರ. ನಾ ಅನ್ನಂಗಿಲ್ಲ."

ಅವರು ಹೇಳಿದ್ದು ನೂರಕ್ಕೆ ನೂರು ಸರಿ. ಹಾಗೆಂದೇ ಹೇಳಿದೆ. ಕಾಂಟ್ಯಾಕ್ಟ್ ಎಂದಿರುವ ಕಡೆ ಗುರುತು ತೆಗೆದುಹಾಕಿ, ಜೋಡಿಸು ಎಂಬುದನ್ನು ಮಾತ್ರ ಒತ್ತಿರಿ ಎಂದೆ.

"ನೀವು ಹೇಳಿದ್ರ ಒತ್ತಬೇಕೇನು? ನೀವು ಯಾರು ಅಂತ ನನಗೇನ ಗೊತ್ತು?"

"ಫೋನ್ ಮಾಡಿದವರು ನೀವೇ ಅಲ್ರಿ."

"ಅಂಥಾವೂ ಭಾಳ ನೋಡೀನಿ. ನಿಮ್ಮ ಊರ ಯಾವ್ದು?"

"ಗದಗ ಕಡೆ."

"ಕಡೆ ಅಂದ್ರ ಎಲ್ಲಿ ಬಂತು?"

ಊರಿನ ಹೆಸರು ಹೇಳಿದೆ. ಮನೆದೇವರು ಯಾವುದು ಎಂದರು. ಹೇಳಿದೆ. ಜಾತ್ರೆ ಯಾವಾಗ ಎಂದರು. ಅದನ್ನೂ ಹೇಳಿದೆ. ಸೋದರಮಾವ ಎಲ್ಲಿಯವರು, ಏನು ಮಾಡುತ್ತಾರೆ ಎಂದರು. ನರಗುಂದದಲ್ಲಿ ಹತ್ತಿ ವ್ಯಾಪಾರ ಮಾಡುತ್ತಾರೆ ಎಂದೆ. ಗ್ರಾಹಕರು ಯಾರೆಂದು ನಾವು ಪರೀಕ್ಷಿಸಬೇಕು ಎಂಬುದು ಕಂಪನಿಯ ನಿಯಮ. ಅವರು ನಮ್ಮನ್ನು ಪರೀಕ್ಷಿಸಿದರೆ ಏನು ಮಾಡಬೇಕೆಂದು ಎಲ್ಲಿಯೂ ಬರೆದಿಲ್ಲ.

ಆ ಕಡೆಯಿಂದ ಗುಂಡಿ ಒತ್ತಿದ ಸದ್ದು, ಅದರ ಬೆನ್ನಿಗೇ ಲಾರಿಯ ಹಾರ್ನ್.

"ಹೊಂಟ್ತು ನೋಡ್ರಿ!" ಎಂದರು. "ನಿಮ್ಮ ಮಾತಿನ ಮ್ಯಾಲ ಭರೋಸಾ ಬಂತು."

"ಹ್ಯಾಂಗ ಬಂತ್ರಿ?"

"ಮೋಸ ಮಾಡೋರಿಗೆ ಸೋದರಮಾವ ಇರಂಗಿಲ್ಲ."

ಖಂಡೇನವಮಿಯ ಮರುದಿನ

ಖಂಡೇನವಮಿಗೆ ಮನೆಯಲ್ಲಿರುವ ಸಲಕರಣೆಗಳಿಗೆಲ್ಲ ಪೂಜೆ ಆಗುತ್ತದೆ. ಕುಡುಗೋಲು, ಸ್ಪ್ಯಾನರ್, ಮಿಕ್ಸರ್, ಸ್ಕೂಟರ್. ಪುಣೆಯ ಪಕ್ಕದ ನಿಗಡಿಯ ಒಂದು ಮನೆಯಲ್ಲಿ ಅವುಗಳ ಸಾಲಿನಲ್ಲಿ ಕಂಟ್ರೋಲರನ್ನೂ ಕೂರಿಸಿದ್ದರು. ಮರುದಿನ ಆ ಮನೆಯ ಸೊಸೆ ಫೋನ್ ಮಾಡಿದಳು. ವಿಜಯದಶಮಿಯಾದರೂ ಗಂಡ ಪಾಳಿಗೆಂದು ಕಾರ್ಖಾನೆಗೆ ಹೋಗಿದ್ದ. ಮನೆಯಲ್ಲಿ ಅತ್ತೆ, ಸೊಸೆ.

"ಅಕ್ಕಾರ, ಮೊನ್ನೀತನಕ ಛಲೋ ಇತ್ತು. ಪೂಜಿ ಆದಾಗಿಂದ ಉಸಿರ ಇಲ್ಲ. ಪೂಜಿ ಮಾಡಿದ್ದಕ್ಕ ಹಿಂಗಾತು ಅಂತಾರ ನಮ್ಮನಿಯವ್ರು. ಅರೆಮನಸಿನಿಂದ ಪೂಜಿ ಮಾಡಿದ್ದಕ್ಕ ಹಿಂಗಾತು ಅಂತಾರ ನಮ್ಮತ್ತಿಯವ್ರು. ಎರಡೂ ಕಡಿಯಿಂದ ನನಗ ಹತ್ತೇದ್ರಿ."

"ಕುಂಕುಮ ಎಲ್ಲಿ ಹಚ್ಚಿದ್ರಿ?"

"ತೂತಿಗೆ."

"ಯಾವ ತೂತಿಗೆ?"

"ಎಲ್ಲಾ ತೂತಿಗೂ ಹಚ್ಚೀನ್ರಿ. ಒಂದಕ್ಕ ಹಚ್ಚಿ ಒಂದಕ್ಕ ಬಿಟ್ರ ಹ್ಯಾಂಗ?"

ಚಾರ್ಜ್ ಮಾಡುವ ತೂತಿನೊಳಗೆ ಕುಂಕುಮ, ಅದರ ಮೇಲೆ ಅರಿಶಿನ, ಅದರ ಮೇಲೆ ಒಂದು ಅಕ್ಷತೆ ಕಾಳು. ವಿದ್ಯುತ್ತು ಒಳಗೆ ಹೋಗಲು ಜಾಗವೇ ಇರಲಿಲ್ಲ. ನೀರು ಸೋಕಿಸಬೇಡಿ, ಹೊಸ ಹಲ್ಲುಜ್ಜುವ ಬ್ರಷ್ಷಿನಿಂದ ಒಣದಾಗಿ ಉಜ್ಜಿ, ತಲೆಕೆಳಗು ಮಾಡಿ ತಟ್ಟಿ ಎಂದೆ. ತಟ್ಟಿದಳು. ಅಕ್ಷತೆ ಕಾಳು ನೆಲಕ್ಕೆ ಬಿದ್ದಿತಂತೆ. ಅತ್ತೆ ಅದನ್ನು ಎತ್ತಿ ಕಣ್ಣಿಗೆ ಒತ್ತಿಕೊಂಡರಂತೆ. ಚಾರ್ಜ್‌ಗೆ ಹಚ್ಚಿದೊಡನೆ ದೀಪ ಬಂತು.

"ಬರೋ ವರ್ಷ ಡಬ್ಬಿಯಿಂದ ಹೊರಗ ತಗಿಯಂಗಿಲ್ರಿ," ಎಂದಳು ಸೊಸೆ. "ಡಬ್ಬೀಗೇ ಪೂಜಿ ಮಾಡಿಬಿಡ್ತೀನಿ."

ಹಿಂದಿನಿಂದ ಅತ್ತೆಯ ದನಿ ಬಂತು: "ಡಬ್ಬಿ ಮುಚ್ಚಿದ್ರ ಒಳಗ ಏನದ ಅಂತ ದೇವಿಗೆ ಹ್ಯಾಂಗ ತಿಳೀಬೇಕ?"

ಸೊಸೆ ನನ್ನನ್ನು ಕೇಳಿದಳು: "ಏನ್ ಹೇಳ್ಲಿ, ಅಕ್ಕಾರ?"

"ಡಬ್ಬಿ ಮ್ಯಾಲ ಫೋಟೋ ಅದ ಅಂತ ಹೇಳ್ರಿ."

ಫರ್ಮ್‌ವೇರ್

ನಮ್ಮ ವಿಮಾನ ನಗರದಲ್ಲೇ ಕೆಲಸ ಮಾಡುವ ಬೆಂಗಳೂರಿನ ಒಬ್ಬರು.

"ಮ್ಯಾಮ್, ಬೇಸಿಕ್ ಸ್ಟೆಪ್ಸ್ ಎಲ್ಲಾ ನಾನು ಆಲ್ರೆಡಿ ಟ್ರೈ ಮಾಡಿದೀನಿ. ನಾನು ಇದೇ ಫೀಲ್ಡ್‌ನಲ್ಲಿ ಇರೋದು. ಒಳಗಿನ ಸಾಫ್ಟ್‌ವೇರ್ ಕೆಟ್ಟಿದೆ, ಇದು ಡೆಫಿನೆಟ್ಲಿ ಫರ್ಮ್‌ವೇರ್ ಇಶ್ಯೂ. ನೀವು ಡೈರೆಕ್ಟಾಗಿ ನಿಮ್ಮ ಎಂಜಿನಿಯರ್‌ಗೆ ಕನೆಕ್ಟ್ ಮಾಡಿ."

"ಹಿಂಭಾಗದಲ್ಲಿ ಒಂದು ಸ್ವಿಚ್ ಇದೆ, ನೋಡಿದಿರಾ?"

"ಯಾವುದರ ಹಿಂಭಾಗ?"

"ಕಂಟ್ರೋಲರಿನ."

ಅದನ್ನು ಮಗುಚಿದ ಸದ್ದು ಕೇಳಿಸಿತು. ಆಮೇಲೆ ಸಣ್ಣಗೆ ಒಂದು ಟಿಕ್ ಸದ್ದು.

"ಮ್ಯಾಮ್," ಎಂದರು, ದನಿ ತಗ್ಗಿಸಿ, "ಇದನ್ನ ಕಂಪ್ಲೇಂಟ್ ಟಿಕೆಟ್‌ನಲ್ಲಿ ಫರ್ಮ್‌ವೇರ್ ಇಶ್ಯೂ ಅಂತಾನೇ ಹಾಕ್ತೀರಾ?"

ಸ್ವಿಚ್ ಆಫ್ ಇತ್ತು ಎಂದು ಹಾಕಿದೆ.

ಅಳಿಯ

ಸಾಹೇಬರು ಪ್ರತಿ ಸೋಮವಾರ ನನ್ನ ಮೇಜಿನ ಬಳಿ ಬಂದು, ಮೇಜಿನ ಕಾಲು ನೋಡಿ ಹೋಗುತ್ತಿದ್ದರು. ದೀಪಾವಳಿ ಹತ್ತಿರ ಬರುತ್ತಿತ್ತು. ಹಿಂದಿ ಲೈನಿನ ಖಾಲಿ ಕುರ್ಚಿಯ ಮೇಲೆ ನನ್ನ ಹೆಸರಿನ ಚೀಟಿಯನ್ನು ಆಗಲೇ ಅಂಟಿಸಿದ್ದರು. ನಾನು ಅದನ್ನು ಕಿತ್ತು ಕಾಫಿ ಯಂತ್ರಕ್ಕೆ ಅಂಟಿಸಿದೆ. ನನಗಿಂತ ಅದಕ್ಕೆ ಸ್ಕ್ರಿಪ್ಟ್ ಚೆನ್ನಾಗಿ ಒಪ್ಪುತ್ತದೆ. ಯಾವ ಗುಂಡಿ ಒತ್ತಿದರೂ ಅದು ಒಂದನ್ನೇ ಕೊಡುತ್ತದೆ.

ಅಂಥ ಒಂದು ದಿನ ಪುಣೆ ಜಿಲ್ಲೆಯ ಕುರಕುಂಭದಿಂದ ಫೋನ್ ಬಂತು. ಅಲ್ಲಿನ ಕೆಮಿಕಲ್ ಕಾರ್ಖಾನೆಯಲ್ಲಿ ದುಡಿಯುವ ಯಾದಗಿರಿ ಕಡೆಯವನು. ಒಂದೇ ಖೋಲಿಯಲ್ಲಿ ಗೆಳೆಯನ ಜೊತೆ ಇರುತ್ತಾನೆ. ಇಬ್ಬರ ನಡುವೆ ಒಂದು ಕಂಟ್ರೋಲರ್.

"ಅಕ್ಕಾರ, ಲೈಟ್ ಗಟ್ಟಿ ನಿಂತದ. ಆದ್ರ ನನ್ನ ಫೋನ್‌ನ್ಯಾಗ ಏನೂ ಅಳ್ಳಾಡವಲ್ದು."

ದೀಪ ಮಿನುಗದೆ ನಿಂತಿದೆ ಎಂದರೆ ಕಂಟ್ರೋಲರ್ ಆಗಲೇ ಯಾವುದೋ ಫೋನಿಗೆ ಕೂಡಿಕೊಂಡಿದೆ ಎಂದು ಅರ್ಥ.

"ಮೊದಲ ಯಾರ ಫೋನಿಗೆ ಹಚ್ಚಿದ್ರಿ?"

"ನಮ್ಮ ಗೆಳ್ಯಾನ ಫೋನಿಗೆ. ಅಂವ ರಾತ್ರಿಪಾಳಿ ಮುಗಿಸಿ ಬಂದು ಮಲಗ್ಯಾನ್ರಿ, ಮ್ಯಾಲಿನ ಕಾಟಿನ ಮ್ಯಾಲ."

"ಅವರ ಫೋನ್ ಎಲ್ಲದ?"

"ವಿಡಿಯೋ ನೋಡಕೋತ ನಿದ್ದಿ ಹತ್ತೇದ. ಎದಿ ಮ್ಯಾಲ ನಿಂತದ ಫೋನ್."

"ಹಂಗಾರ ಇನ್ನ ಗುಂಡಿ ಒತ್ತಬ್ಯಾಡ್ರಿ. ನೀವು ಒತ್ತಿದ್ದೆಲ್ಲ ಅವರ ಫೋನಿಗೆ ಹೋಗಲಿಕತ್ತದ."

"ಆಗಲಿಂದ ಒತ್ತಾಕತ್ತೀನಲ್ರಿ ಅಕ್ಕಾರ. ಎಲ್ಲಾ ಒತ್ತೀನಿ."

ಅಷ್ಟರಲ್ಲಿ ಖೋಲಿಯೊಳಗೆ, ಮೇಲಿನಿಂದ, ಒಬ್ಬ ಹಿರಿಯರ ದನಿ ಕೇಳಿಸಿತು.

"ಅಳಿಯಂದ್ರ! ಏ ಅಳಿಯಂದ್ರ! ಬಾಯಿ ಯಾಕ ತಗದೀರಿ?"

"ಅಕ್ಕಾರ," ಎಂದು ಇವನು ಪಿಸುಗುಟ್ಟಿದ, "ಅವನ ಮಾವ ಬಂದಾರ್ರಿ ಫೋನ್‌ನ್ಯಾಗ! ವಿಡಿಯೋ ಕಾಲ್ ಹೋಗೇದ! ಏನ್ ಮಾಡ್ಲಿ?"

"ನಡುವಿನ ಗುಂಡಿ ಒತ್ತಿ ಹಿಡೀರಿ. ಕಂಟ್ರೋಲರ್ ಬಂದ್ ಆಗ್ತದ."

ಕಂಟ್ರೋಲರ್ ಬಂದ್ ಆಯಿತು. ಮಾವ ಬಂದ್ ಆಗಲಿಲ್ಲ. ಅವರು ಹೆಂಡತಿಯನ್ನು ಕರೆದರು. "ಬಾ ಇಲ್ಲಿ, ನೋಡ ಬಾ. ದೀಪಾವಳಿಗೆ ಮಗಳನ್ನ ಕರಕೊಂಡ ಬಾ ಅಂದ್ರ ಹಗಲೂ ರಾತ್ರಿ ಕೆಲಸ ಅದ, ಕಣ್ಣ ಮುಚ್ಚಾಕ ಪುರಸೊತ್ತಿಲ್ಲ ಅಂದಿದ್ದ. ಹ್ಯಾಂಗ ಬಿದ್ದಾನ ನೋಡು, ಕೋಣ ಬಿದ್ದಂಗ."

ಆಗ ಅಳಿಯ ಎದ್ದ. ಕಣ್ಣು ಬಿಡುವ ಮೊದಲೇ ಮಾತು ಬಂತು: "ಬರ್ತೀನ್ರಿ ಮಾವಾರ, ದೀಪಾವಳಿಗೆ ಬಂದ ಬರ್ತೀನಿ!"

ಏನೋ ದಡ್ ಎಂದಿತು. ಮೇಲಿನ ಮಂಚದಿಂದ ಯಾರೋ ಕೆಳಗೆ ಜಿಗಿದ ಹಾಗೆ.

"ಈಗ ಅವರ ಫೋನಿನಿಂದ ಬಿಟ್ಟಿತೇನ್ರಿ?" ಎಂದು ಕೇಳಿದೆ.

"ಅವನ ಫೋನ್ ಬಿಡ್ತು, ಅಕ್ಕಾರ," ಎಂದ. ದನಿ ಹಿಸುಕಿದ ಹಾಗೆ ಬರುತ್ತಿತ್ತು. "ಅಂವ ನನ್ನ ಹಿಡದಾನ."

ಸ್ಪೀಕರ್

ದೀಪಾವಳಿ ಮುಗಿಯಿತು. ಮಾಲಕರು ಮುಂಬೈಯಿಂದ ಬಂದರು. ಅವರೂ ಮರಾಠಿಯವರೇ. ಹೆಚ್ಚು ಮಾತಿಲ್ಲ, ಚಹಾ ಮಾತ್ರ ಕುಡಿಯುತ್ತಿದ್ದರು. ಐದನ್ನು ಯಾಕೆ ಮುಚ್ಚಬೇಕು ಎಂದು ಸಾಹೇಬರು ವಿವರಿಸಿದರು. ಮಾಲಕರು, "ಒಂದೆರಡು ಕರೆ ಕೇಳೋಣ," ಎಂದರು.

ಸಾಹೇಬರಿಗೆ ಇದಕ್ಕಿಂತ ಒಳ್ಳೆಯದು ಬೇಕಿರಲಿಲ್ಲ. ನನ್ನನ್ನು ಸಭೆಯ ಕೋಣೆಗೆ ಕರೆಸಿ ಮೇಜಿನ ನಡುವೆ ಇದ್ದ ಸ್ಪೀಕರಿಗೆ ಐದನೇ ಲೈನ್ ಹಾಕಿಸಿದರು. "ಭಾಷೆ ತಿಳಿಯದಿದ್ದರೂ ಚಿಂತೆಯಿಲ್ಲ, ಸರ್. ಎಷ್ಟು ಹೊತ್ತು ಹಿಡಿಯುತ್ತದೆ ಎಂದಷ್ಟೇ ನೋಡಿ," ಎಂದು ಮಾಲಕರಿಗೆ ಹೇಳಿದರು. ನನಗೆ, "ಸ್ಪೀಕರ್ ಇದೆ ಅಂತ ಗ್ರಾಹಕರಿಗೆ ಹೇಳಬೇಡಿ ಮ್ಯಾಡಮ್. ದಿನಾ ಹೇಗೆ ಮಾತಾಡ್ತೀರೋ ಹಾಗೇ ಮಾತಾಡಿ," ಎಂದರು.

ಮೊದಲ ಕರೆ.

"ಅಕ್ಕಾರ, ಕೆಂಪ ಲೈಟ್ ಬರಾಕತ್ತದ."

"ಚಾರ್ಜ್‌ಗೆ ಹಚ್ಚೀರೇನು?"

"ಇಲ್ಲ."

"ಹಚ್ಚರಿ."

"ಹ್ಞೂಂ. ಆತ್ರಿ. ಇಡ್ತೀನಿ."

ಮಾಲಕರು ಲೋಟ ತುಟಿಗೆ ಒಯ್ಯುವಷ್ಟರಲ್ಲಿ ಮುಗಿದಿತ್ತು. ಇದು ಅಪವಾದ ಎಂದರು ಸಾಹೇಬರು.

ಎರಡನೆಯ ಕರೆ.

"ಅಕ್ಕಾರ, ಟಿ.ವಿ.ಗೆ ಹಚ್ಚಿದ್ದೆ. ಈಗ ಫೋನಿಗೆ ಬರವಲ್ದು."

"ಟಿ.ವಿ. ಬಂದ್ ಮಾಡ್ರಿ. ಲೈಟ್ ಪಟಪಟ ಅನ್ನೂತನಕ ನಡುವಿನ ಗುಂಡಿ ಒತ್ತಿ ಹಿಡೀರಿ."

"ತಡೀರಿ... ಬಂತ್ರಿ! ಛಲೋ ಆತು."

ಮಾಲಕರು ಲೋಟ ಕೆಳಗಿಟ್ಟರು. ಇಂದು ಯಾಕೋ ಹೀಗಾಗುತ್ತಿದೆ ಎಂದರು ಸಾಹೇಬರು. ಅವರ ಹಣೆ ಬೆವರುತ್ತಿತ್ತು. ಮೇಲೆ ಏ.ಸಿ. ಓಡುತ್ತಿತ್ತು.

ಮೂರನೆಯ ಕರೆ. ನಮಸ್ಕಾರ, ಕನ್ನಡ ವಿಭಾಗ ಎಂದೆ. ಆ ಕಡೆಯಿಂದ ಶುದ್ಧ ಪುಣೇರಿ ಮರಾಠಿಯಲ್ಲಿ ಒಬ್ಬ ವೃದ್ಧೆಯ ದನಿ ಬಂತು.

"ಯಾರು? ನಮ್ಮ ಕಾನಡಿ ಬಾಯೀನಾ?"

"ಹೌದು ಆಜಿ, ಹೇಳಿ," ಎಂದೆ ನಾನೂ ಮರಾಠಿಯಲ್ಲಿ. ಆಜಿ, ಅಂದರೆ ಅಜ್ಜಿ, ನನಗೆ ಹಳೆಯ ಗಿರಾಕಿ; ಕಾನಡಿ ಬಾಯಿ, ಅಂದರೆ ಕನ್ನಡದ ಹೆಂಗಸು ಎಂದೇ ನನ್ನನ್ನು ಕರೆಯುತ್ತಾರೆ. ಬೆರಳು ಒಣಗಿ ಫೋನಿನ ಪರದೆ ಅವರ ಸ್ಪರ್ಶವನ್ನು ಗುರುತಿಸುವುದಿಲ್ಲ. ಅದಕ್ಕೇ ಕಂಟ್ರೋಲರ್ ಹಿಡಿದು ಕಾರು ಓಡಿಸುವ ಆಟ ಆಡುತ್ತಾರೆ. ಹೆಸರು ನಾನು ಕೇಳಿಲ್ಲ, ಅವರು ಹೇಳಿಲ್ಲ.

ಸಾಹೇಬರು ಕುರ್ಚಿಯಿಂದ ಅರ್ಧ ಎದ್ದರು. ಸ್ಪೀಕರಿನ ಗುಂಡಿಗೆ ಕೈ ಚಾಚಿದರು. ಮಾಲಕರು ಆ ಕೈಯನ್ನು ಮೆಲ್ಲನೆ ಹಿಡಿದು ಪಕ್ಕಕ್ಕಿಟ್ಟರು.

"ಕಾರು ಮತ್ತೆ ನಿಂತಿದೆ ನೋಡು," ಎಂದರು ಆಜಿ.

"ಕಂಟ್ರೋಲರಿನ ದೀಪ ಹೇಗಿದೆ?"

"ತಡಿ, ಕನ್ನಡಕ ತರ್ತೀನಿ."

ಹೋದರು. ಚಪ್ಪಲಿಯ ಸದ್ದು ದೂರವಾಯಿತು. ಕುಕ್ಕರ್ ಕೂಗಿತು. ಯಾರೋ ಗಂಟೆ ಒತ್ತಿದರು. ಆಜಿ ಬಾಗಿಲು ತೆಗೆದು 'ಇವತ್ತು ಮೆಂತ್ಯ ಬಾಡಿದೆ, ಬೇಡ' ಎಂದರು. ಮೆಂತ್ಯದವಳು ಬಾಡಿಲ್ಲ ಎಂದಳು. ಅದರ ಮೇಲೆ ಚರ್ಚೆ ನಡೆಯಿತು. ಸಭೆಯ ಕೋಣೆಯಲ್ಲಿ ನಾವು ಮೂವರೂ ಆ ಮೆಂತ್ಯವನ್ನು ಕೇಳುತ್ತಾ ಕುಳಿತೆವು. ಕೊನೆಗೆ ಆಜಿ ಕನ್ನಡಕದೊಂದಿಗೆ ಮರಳಿದರು.

"ಹಾಂ. ಏನು ನೋಡು ಅಂದಿದ್ದಿ?"

ಮಾಲಕರು ಒಂದು ಕಾಗದದ ಮೇಲೆ 'ಎರಡು ಯಾಕೆ ಒತ್ತಲಿಲ್ಲ, ಕೇಳಿ' ಎಂದು ಬರೆದು ನನ್ನ ಕಡೆ ತಳ್ಳಿದರು. ಕೇಳಿದೆ.

"ಎರಡು ಒತ್ತಿ ನೋಡಿದ್ದೀನಮ್ಮಾ," ಎಂದರು ಆಜಿ. "ಅಲ್ಲೊಬ್ಬ ಹುಡುಗ ಬಾಯಿಪಾಠ ಒಪ್ಪಿಸ್ತಾನೆ. ಮೊದಲ ಮಾತೇ, ಫೋನ್ ಬಂದ್ ಮಾಡಿ ಚಾಲೂ ಮಾಡಿ ಅಂತ. ಮಾಡ್ತೀನಿ. ಅಲ್ಲ, ಮಾತಾಡ್ತಿರೋದೇ ಆ ಫೋನಿನಲ್ಲಿ! ಚಾಲೂ ಮಾಡೋ ಹೊತ್ತಿಗೆ ಹುಡುಗನೂ ಇಲ್ಲ, ಕಾರೂ ಇಲ್ಲ. ನಮ್ಮ ಸೊಸಾಯಿಟಿಯಲ್ಲಿ ಈ ಯಂತ್ರ ಇರೋರಿಗೆಲ್ಲ ನಾನೇ ಹೇಳಿಬಿಟ್ಟಿದ್ದೀನಿ, ಐದು ಒತ್ತಿ, ಅಲ್ಲಿ ಮನುಷ್ಯರಿದ್ದಾರೆ ಅಂತ."

ಮಾಲಕರು ಸಾಹೇಬರ ಕಡೆ ಬಾಗಿ ಪಿಸುಗುಟ್ಟಿದರು. "ಮರಾಠಿ ಲೈನಿನ ಕರೆಗಳು ಬೇಗ ಮುಗಿಯುತ್ತವೆ ಎಂದಿರಲ್ಲ. ಹೀಗಾ ಮುಗಿಯುವುದು?"

ಸಾಹೇಬರು ಮುಂದಿದ್ದ ಕಾಗದಗಳನ್ನು ಜೋಡಿಸತೊಡಗಿದರು. ಆಜಿ ಮಾತಾಡುತ್ತಲೇ ಇದ್ದರು.

"ಮಗನನ್ನ ಕೇಳಬಾರದೇ ಅನ್ನಬೇಡ ಮತ್ತೆ. ನನ್ನ ಮಗ ನಿಮ್ಮಲ್ಲೇ ದೊಡ್ಡ ಸಾಹೇಬ. ಕೇಳಿದರೆ ಅವನೂ ಅದೇ ಬಾಯಿಪಾಠ ಒಪ್ಪಿಸ್ತಾನೆ. ಬರೆದವನೇ ಅವನಂತೆ!"

ಆಜಿ ಯಾರ ತಾಯಿ ಎಂದು ನನಗೂ ಆಗಲೇ ತಿಳಿದದ್ದು. ನಾನು ಗೋಡೆಯ ಮೇಲಿನ ಕ್ಯಾಲೆಂಡರನ್ನು ಬಹಳ ಆಸಕ್ತಿಯಿಂದ ನೋಡಿದೆ.

"ಐದನ್ನು ಮುಚ್ಚಿಸ್ತೀನಿ ಅಂತ ಊಟಕ್ಕೆ ಕೂತಾಗ ಅಂದ. ನಾನು ಏನೂ ಅನ್ನಲಿಲ್ಲ. ಮುಚ್ಚಲಿ. ಮರುದಿನದಿಂದ ಅವನ ಊಟದ ಡಬ್ಬಿ ಬಂದ್."

ಮಾಲಕರು ಚಹಾ ಗಂಟಲಿಗೆ ಸಿಕ್ಕಿಸಿಕೊಂಡು ಕೆಮ್ಮಿದರು. ನಾನು ಗಡಿಬಿಡಿಯಿಂದ ಕೆಲಸಕ್ಕೆ ಮರಳಿದೆ. "ಆಜಿ, ಪರದೆ ಮೇಲಿನಿಂದ ಕೆಳಗೆ ಎಳೆಯಿರಿ. ಬ್ಲೂಟೂತಿನ ಗುರುತು ಬೆಳಗಿದೆಯಾ?"

"ಇಲ್ಲ. ಮಸುಕಾಗಿದೆ. ಓ, ಅದಾ! ಬ್ಯಾಟರಿ ಉಳಿಯಲಿ ಅಂತ ಬೆಳಿಗ್ಗೆ ಮಗನೇ ಬಂದ್ ಮಾಡಿಟ್ಟು ಹೋದ."

"ಅದನ್ನು ಒಮ್ಮೆ ಮುಟ್ಟಿ. ಬೆರಳು ನಾಟದಿದ್ದರೆ ತುಸು ಒದ್ದೆ ಮಾಡಿಕೊಳ್ಳಿ."

ಸಭೆಯ ಕೋಣೆಯ ತುಂಬ ಕಾರಿನ ಎಂಜಿನ್ ಮೊರೆಯಿತು. ಆಜಿ ವಿದಾಯ ಹೇಳಲಿಲ್ಲ. ಓಟ ಶುರುವಾಗಿತ್ತು.

ಕರೆ ಮುಗಿದ ಮೇಲೆ ಮಾಲಕರು ಕಣ್ಣು ಒರೆಸಿಕೊಂಡು, "ಐದು ಇರಲಿ," ಎಂದರು. ಸಾಹೇಬರು ಕೊನೆಯ ಪ್ರಯತ್ನ ಮಾಡಿದರು. "ಸರ್, ಇದೊಂದು ಕರೆ ಬಿಡಿ. ಸರಾಸರಿ ಸುಳ್ಳು ಹೇಳುವುದಿಲ್ಲ. ಕನ್ನಡ ಲೈನಿನ ಕರೆಗಳು ಉದ್ದ ಇರುವುದಂತೂ ನಿಜ ತಾನೇ?"

ಮಾಲಕರು ನನ್ನ ಕಡೆ ನೋಡಿದರು.

"ನಿಜ, ಸರ್," ಎಂದೆ. "ಉದ್ದ ಇರುವವೆಲ್ಲ ಮರಾಠಿಯವು."